ಇಪ್ಪತ್ತಮೂರು ವರ್ಷಗಳ ಲೆಕ್ಕ

ಪ್ರಶ್ನೆ ಕೇಳಿದವಳು ಏಳನೆಯ ತರಗತಿಯ ಹುಡುಗಿ. ಉತ್ತರ ತಿಳಿಯದೆ ಸುಮ್ಮನೆ ನಿಂತವಳು ಮೂವತ್ತು ವರ್ಷ ಪಾಠ ಹೇಳಿದ ನಾನು.

ಅದು 2025ರ ಆಗಸ್ಟ್ 15. ಪ್ರಭಾತ ಫೇರಿ ಮುಗಿದಿತ್ತು, ಧ್ವಜ ಏರಿತ್ತು. ಗಣ್ಯರು ಒಬ್ಬರಾದ ಮೇಲೊಬ್ಬರು ಮಾತಾಡಿದ್ದರು. ವೇಷಭೂಷಣದ ಮಕ್ಕಳು ಬಿಸಿಲಿಗೆ ಬೆವರುತ್ತಾ ಸಾಲಾಗಿ ಕುಳಿತಿದ್ದರು. ಗಾಂಧಿ ಇಬ್ಬರು, ಸುಭಾಷ್ ಚಂದ್ರ ಬೋಸ್ ಒಬ್ಬ, ಒನಕೆ ಓಬವ್ವಂದಿರು ನಾಲ್ವರು. ಕೂಡ್ಲಿಗಿ ಸೀಮೆಯ ಗುಡೇಕೋಟೆ ಓಬವ್ವನ ತವರು ಎಂಬ ಹೆಮ್ಮೆ ನಮ್ಮ ಕಡೆ ಇದೆ, ಆದ್ದರಿಂದ ನಮ್ಮಲ್ಲಿ ಒನಕೆಗೆ ಎಂದೂ ಬರವಿಲ್ಲ.

ಎಂಟನೆಯ ತರಗತಿಯ ಹುಡುಗಿ ಭಾಷಣಕ್ಕೆ ಎದ್ದಳು. ಆ ವರ್ಷದ ಜನವರಿಯಲ್ಲಿ 'ಸ್ಕೈ ಫೋರ್ಸ್' ಎಂಬ ಹಿಂದಿ ಸಿನಿಮಾ ಬಂದಿತ್ತಲ್ಲ, ಅದನ್ನು ಮೊಬೈಲಿನಲ್ಲಿ ನೋಡಿದ್ದಳಂತೆ. ಸಿನಿಮಾದಲ್ಲಿ ಹೆಸರು ಬೇರೆ. ಆದರೆ ಆ ಕಥೆಗೆ ಮೂಲವಾದ ಮನುಷ್ಯ ನಮ್ಮ ಕರ್ನಾಟಕದವರು, ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯ ಎಂದು ಅವಳ ಮಾವ ಹೇಳಿಕೊಟ್ಟಿದ್ದ. 1965ರ ಯುದ್ಧ, ಸರ್ಗೋಧಾದ ದಾಳಿ, ಶತ್ರುವಿನ ವಿಮಾನವನ್ನು ಹೊಡೆದುರುಳಿಸಿದ್ದು ಎಲ್ಲವನ್ನೂ ಉಸಿರು ಬಿಡದೆ ಒಪ್ಪಿಸಿ, "ನಗುನಗುತ್ತಾ ವೀರಮರಣವನ್ನಪ್ಪಿದರು" ಎಂದು ಮುಗಿಸಿದಳು. ಜೋರು ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ.

ಲಾಡು ಹಂಚಲು ತರಗತಿಗೆ ಹೋದಾಗ ಆ ಏಳನೆಯ ತರಗತಿಯ ಹುಡುಗಿ ಎದ್ದು ನಿಂತಳು. "ಟೀಚರ್, ಅವ್ರು ನಗ್ತಾ ಸತ್ರು ಅಂತ ಯಾರು ನೋಡಿದ್ರು? ಅವ್ರ ಹೆಂಡ್ತಿಗೆ ಯಾರು ಬಂದು ಹೇಳಿದ್ರು?"

ಪಕ್ಕದಲ್ಲಿದ್ದ ಸಹೋದ್ಯೋಗಿಯೊಬ್ಬರು, "ಇವತ್ತು ಹಬ್ಬದ ದಿನ, ಅಂಥಾ ಮಾತು ಆಡಬಾರದು, ಕೂತ್ಕೋ" ಎಂದು ಗದರಿದರು. ಹುಡುಗಿ ಕುಳಿತಳು. ನನಗೆ ಮಾತ್ರ ಅಂದು ರಾತ್ರಿಯೆಲ್ಲ ಕೂರಲಾಗಲಿಲ್ಲ. ಆ ಪ್ರಶ್ನೆಯಲ್ಲಿ ಅಪಶಕುನ ಏನಿತ್ತು? ಒಬ್ಬ ಮನುಷ್ಯ ಸತ್ತ ಸುದ್ದಿ ಅವನ ಮನೆಗೆ ಹೇಗೆ ತಲುಪಿತು ಎಂದು ಕೇಳಬಾರದೆ? ಊರಲ್ಲಿ ಯಾರು ಸತ್ತರೂ ನಾವು ಹೆಂಗಸರು ಮೊದಲು ಕೇಳುವುದೇ ಅದನ್ನಲ್ಲವೆ?

ಸರಿ, ಹುಡುಕಿ ಓದಿದೆ. ಓದಿದ ಮೇಲೆ ನಮ್ಮ ಚಪ್ಪಾಳೆಯ ಬಗ್ಗೆ ನನಗೆ ನಾಚಿಕೆಯಾಯಿತು. ಯಾಕೆಂದು ಹೇಳುತ್ತೇನೆ.

ದೇವಯ್ಯ ಹುಟ್ಟಿದ್ದು 1932ರ ಡಿಸೆಂಬರ್ 24ರಂದು. 1954ರಲ್ಲಿ ವಾಯುಪಡೆ ಸೇರಿದರು. ಯುದ್ಧ ಶುರುವಾಗುವ ಹೊತ್ತಿಗೆ ಅವರು ಹೊಸ ಹುಡುಗರಿಗೆ ವಿಮಾನ ಹಾರಿಸುವುದನ್ನು ಕಲಿಸುತ್ತಿದ್ದರು. ಅಂದರೆ ನನ್ನ ಹಾಗೆ ಮೇಷ್ಟರು. ಯುದ್ಧ ಬಂದಾಗ ಪಂಜಾಬಿನ ಆದಂಪುರದಲ್ಲಿದ್ದ ಒಂದನೆಯ ಸ್ಕ್ವಾಡ್ರನ್ನಿಗೆ ಅವರನ್ನು ಕಳಿಸಿದರು. ಮನೆಯಲ್ಲಿ ಹೆಂಡತಿ ಸುಂದರಿ, ಇಬ್ಬರು ಪುಟ್ಟ ಹೆಣ್ಣುಮಕ್ಕಳು. ವಯಸ್ಸು ಮೂವತ್ತೆರಡು.

1965ರ ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣ್‌ಕೋಟ್ ನೆಲೆಗೆ ನುಗ್ಗಿ, ನೆಲದ ಮೇಲೆ ನಿಂತಿದ್ದ ನಮ್ಮ ವಿಮಾನಗಳನ್ನು ಸುಟ್ಟುಹಾಕಿದವು. ಮಾರನೆಯ ಬೆಳಗಿನ ಜಾವ ನಮ್ಮವರು ಸರ್ಗೋಧಾಕ್ಕೆ ಹೊರಟರು. ಪಾಕಿಸ್ತಾನದ ವಾಯುನೆಲೆಗಳಲ್ಲೆಲ್ಲ ಅದು ಅತ್ಯಂತ ಬಿಗಿ ಕಾವಲಿನದು. ಹೊರಟದ್ದು ಹನ್ನೆರಡು ಮಿಸ್ಟೇರ್ ವಿಮಾನಗಳ ತಂಡ. ಆ ಹನ್ನೆರಡರಲ್ಲಿ ದೇವಯ್ಯ ಇರಲಿಲ್ಲ. ಯಾವುದಾದರೂ ವಿಮಾನ ಕೈಕೊಟ್ಟರೆ ಅದರ ಜಾಗಕ್ಕೆಂದು ಕಾಯ್ದಿರಿಸಿದವರಲ್ಲಿ ಅವರೊಬ್ಬರು. ಒಂದು ವಿಮಾನ ಕೈಕೊಟ್ಟಿತು. ಆ ಜಾಗಕ್ಕೆ ಇವರು ಹೋದರು.

ಹಿಂದಿರುಗುವ ದಾರಿಯಲ್ಲಿ ಪಾಕಿಸ್ತಾನದ ಸ್ಟಾರ್‌ಫೈಟರ್ ಒಂದು ಅವರನ್ನು ಹಿಡಿಯಿತು. ಅದು ಅಮೆರಿಕದ ಯಂತ್ರ, ಶಬ್ದದ ಎರಡರಷ್ಟು ವೇಗ. ಫ್ರಾನ್ಸಿನ ಮಿಸ್ಟೇರ್ ನೇರ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟದು. ಅತ್ತ ಕಡೆ ಹಾರಿಸುತ್ತಿದ್ದವರು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್. ಅವರ ಏಟಿಗೆ ದೇವಯ್ಯನವರ ವಿಮಾನ ಗಾಯಗೊಂಡಿತು. ಕೆಲಸ ಮುಗಿಯಿತೆಂದು ಅಮ್ಜದ್ ಆಚೆ ತಿರುಗಿದರು. ಆದರೆ ಗಾಯಗೊಂಡ ಮಿಸ್ಟೇರ್ ಬೀಳಲಿಲ್ಲ. ಅದು ಹೊರಳಿ ಬಂದು ಅವರ ಮೇಲೆಯೇ ಎರಗಿತು. ನೆಲಕ್ಕೆ ಹತ್ತಿರದಲ್ಲಿ ಸುತ್ತಿ ಸುತ್ತಿ ಕಾದಾಡಿದರು. ಮಿಸ್ಟೇರಿನ ಗುಂಡುಗಳು ತಾಗಿ ಸ್ಟಾರ್‌ಫೈಟರ್ ಹಿಡಿತ ತಪ್ಪಿತು. ಅಮ್ಜದ್ ಹುಸೇನ್ ಪ್ಯಾರಾಶೂಟ್ ಬಿಚ್ಚಿ ತಮ್ಮದೇ ನೆಲದ ಮೇಲೆ ಇಳಿದು ಬದುಕಿಕೊಂಡರು. ದೇವಯ್ಯ ಬದುಕಲಿಲ್ಲ. ಅಲ್ಲಿನ ಹಳ್ಳಿಗರು ಅವರ ದೇಹವನ್ನು ಹೊಲದಲ್ಲಿ ಮಣ್ಣು ಮಾಡಿದರು.

ಇದಿಷ್ಟನ್ನೂ ಭಾಷಣದ ಹುಡುಗಿ ಹೆಚ್ಚುಕಡಿಮೆ ಹೇಳಿದ್ದಳು. ಅವಳು ಹೇಳದೆ ಬಿಟ್ಟದ್ದು, ನಾವೆಲ್ಲ ಬಿಟ್ಟದ್ದು, ಒಂದೇ ಸಂಗತಿ. ಆ ದಿನ ಇದು ಈ ಕಡೆಯ ಯಾರಿಗೂ ಗೊತ್ತಿರಲಿಲ್ಲ.

ಹೌದು, ಯಾರಿಗೂ. ಜೊತೆಯವರು ಆದಂಪುರಕ್ಕೆ ಹಿಂದಿರುಗಿದರು, ದೇವಯ್ಯ ಬರಲಿಲ್ಲ. 'ಕಾಣೆಯಾಗಿದ್ದಾರೆ' ಎಂದು ಕಾಗದದಲ್ಲಿ ಬರೆದರು. ಕಾಲ ಕಳೆದ ಮೇಲೆ ಸತ್ತಿರಬೇಕೆಂದು ಎಣಿಸಿದರು. ಎಲ್ಲಿ, ಹೇಗೆ, ಏನು ಮಾಡುತ್ತಾ ಎಂದು ಹೇಳುವವರು ಈ ಕಡೆ ಇರಲಿಲ್ಲ. 1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕರ ಪುಸ್ತಕವೊಂದು ಬಂತು. 1965ರ ಯುದ್ಧವನ್ನು ಪಾಕಿಸ್ತಾನದ ಕಡೆಯಿಂದ ನೋಡಿ ಬರೆದ ಪುಸ್ತಕ ಅದು. ಅದರಲ್ಲಿ ಅಮ್ಜದ್ ಹುಸೇನ್ ಮಿಸ್ಟೇರ್ ಒಂದರ ಜೊತೆ ಕಾದಾಡಿ ತಮ್ಮ ವಿಮಾನ ಕಳೆದುಕೊಂಡ ಕಥೆ ಇತ್ತು. ನಮ್ಮ ವಾಯುಪಡೆಯವರು ಓದಿ ಲೆಕ್ಕ ಹಾಕಿದರು. ಅಂದು ಸರ್ಗೋಧಾದಿಂದ ಹಿಂದಿರುಗದ ಮಿಸ್ಟೇರ್ ಒಂದೇ ಒಂದು. ದಾಳಿಯ ಮುಂದಾಳಾಗಿದ್ದ ಓ.ಪಿ. ತನೇಜಾ ಅವರಂಥ ಹಳೆಯ ಸಂಗಾತಿಗಳು ಈ ವಿಷಯವನ್ನು ಬಿಡದೆ ಹಿಡಿದರು. 1988ರಲ್ಲಿ ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ಅದನ್ನು ಸುಂದರಿಯವರ ಕೈಗಿತ್ತರು.

1965ರಿಂದ 1988. ಕಳೆಯುವ ಲೆಕ್ಕ, ಮೂರನೆಯ ತರಗತಿಯ ಮಗುವೂ ಮಾಡುತ್ತದೆ. ಇಪ್ಪತ್ತಮೂರು ವರ್ಷ.

ಮೊದಲೇ ಹೇಳಿಬಿಡುತ್ತೇನೆ, ಗೊತ್ತಾಗದೆ ಇದ್ದದ್ದಕ್ಕೆ ನಾನು ಯಾರನ್ನೂ ಬೈಯುತ್ತಿಲ್ಲ. ಪರರ ನೆಲದ ಮೇಲೆ ಒಂಟಿಯಾಗಿ ಸತ್ತವನ ಸುದ್ದಿ ಯಾರು ತಂದಾರು? ಗೊತ್ತಾದ ಮೇಲೆ ವಾಯುಪಡೆ ಅದನ್ನು ಮುಚ್ಚಿಡಲಿಲ್ಲ, ಹಳೆಯ ಕಡತವೆಂದು ಕಟ್ಟಿಡಲಿಲ್ಲ. ಅದು ದೊಡ್ಡ ಮಾತು. ನನ್ನ ಜಗಳ ಇರುವುದು ನಮ್ಮ ಜೊತೆ. ವೇದಿಕೆ ಹಾಕುವವರು, ಭಾಷಣ ಬರೆದುಕೊಡುವವರು, ಚಪ್ಪಾಳೆ ತಟ್ಟುವವರು ನಾವು ತಾನೆ. ಆ ಇಪ್ಪತ್ತಮೂರು ವರ್ಷಗಳನ್ನು ನಾವು ಕಥೆಯಿಂದ ಕಿತ್ತು ಎಸೆದಿದ್ದೇವೆ. ಆ ಜಾಗದಲ್ಲಿ 'ನಗುನಗುತ್ತಾ' ಎಂಬ ಒಂದು ಪದ ಅಂಟಿಸಿದ್ದೇವೆ. ಯಾರೂ ಕಾಣದ ನಗು ಅದು. ಯಾಕೆ ಅಂಟಿಸಿದೆವು? ಸತ್ತವನು ನಕ್ಕನೆಂದರೆ ಉಳಿದವರು ಅಳಬೇಕಾಗಿಲ್ಲ. ಉಳಿದವರು ಅಳದಿದ್ದರೆ ನಾವು ಅವರ ಕಡೆ ತಿರುಗಿ ನೋಡಬೇಕಾಗಿಲ್ಲ.

ಆ ವರ್ಷಗಳಲ್ಲಿ ನಾವೆಲ್ಲಿದ್ದೆವು? ಯುದ್ಧದ ಆ ವರ್ಷ ಶಾಸ್ತ್ರೀಜಿ ವಾರಕ್ಕೆ ಒಂದು ಹೊತ್ತಿನ ಊಟ ಬಿಡಿ ಎಂದು ಕೇಳಿಕೊಂಡರು. ನನ್ನವ್ವ ಕೊಟ್ಟೂರಿನ ಮನೆಯಲ್ಲಿ ಸೋಮವಾರ ರಾತ್ರಿ ಒಲೆ ಹಚ್ಚಲಿಲ್ಲವಂತೆ. ಗುರು ಕೊಟ್ಟೂರು ಬಸವೇಶ್ವರನ ವಾರ, ಹೇಗೂ ಒಪ್ಪತ್ತು ಇರುತ್ತಿದ್ದೆ, ದೇಶಕ್ಕೂ ಆಯ್ತು ದೇವರಿಗೂ ಆಯ್ತು ಎಂದು ಅವ್ವ ನಗುತ್ತಿದ್ದಳು. ಆ ಯುದ್ಧದಲ್ಲಿ ನಮ್ಮ ಮನೆಯ ಪಾಲು ಅಷ್ಟು. ಮಹಾವೀರ ಚಕ್ರ ಬಂದ 1988ರಲ್ಲಿ ನಾನು ಬಿ.ಎ. ಮೊದಲ ವರ್ಷಕ್ಕೆ ಸೇರಿದ್ದೆ. ಇತಿಹಾಸವೇ ನನ್ನ ಮುಖ್ಯ ವಿಷಯ. ಆದರೂ ಆ ಸುದ್ದಿ ಓದಿದ ನೆನಪೇ ನನಗಿಲ್ಲ. ಸಿನಿಮಾ ಬರುವವರೆಗೆ ದೇವಯ್ಯನವರ ಹೆಸರು ನನ್ನ ಬಾಯಿಗೆ ಬಂದಿರಲಿಲ್ಲ. ಮಡಿಕೇರಿಯಲ್ಲಿ ಅವರ ಪ್ರತಿಮೆ ನಿಂತದ್ದು 2020ರಲ್ಲಿ. ನನ್ನ ಊರಿನ ಮಾತು ಬಿಡಿ, ಅವರ ಊರಿನಲ್ಲೇ ಕಲ್ಲು ನಿಲ್ಲಲು ಐವತ್ತೈದು ವರ್ಷ ಬೇಕಾಯಿತು.

ನಮಗೆ ಲೆಕ್ಕ ಇಡುವುದು ಬರುವುದಿಲ್ಲ ಎಂದೇನಿಲ್ಲ. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿ ಜಿಲ್ಲೆಯಿಂದ ದಾವಣಗೆರೆಗೆ ಹೋಯಿತು, 2018ರಲ್ಲಿ ಮರಳಿ ಬಂತು. ಈಗ ನಮ್ಮೆಲ್ಲರ ಜೊತೆ ವಿಜಯನಗರ ಜಿಲ್ಲೆಯಲ್ಲಿದೆ. ಆ ಇಪ್ಪತ್ತೊಂದು ವರ್ಷಗಳನ್ನು ಹರಪನಹಳ್ಳಿಯವರು ದಿನ ದಿನ ಎಣಿಸಿದರು, ಧರಣಿ ಕೂತರು, ಮನವಿ ಕೊಟ್ಟರು. ಒಂದು ತಾಲ್ಲೂಕು ಹೋಗಿ ಬರುವವರೆಗೆ ನಿದ್ದೆಗೆಟ್ಟ ಜನ, ಒಬ್ಬ ಹೆಣ್ಣುಮಗಳು ಇಪ್ಪತ್ತಮೂರು ವರ್ಷ ಬಾಗಿಲು ನೋಡಿದ್ದನ್ನು ಒಂದು ಸಾಲಿನಲ್ಲೂ ಹೇಳುವುದಿಲ್ಲವೆಂದರೆ, ಅದು ಮರೆವಲ್ಲ. ಹೇಳಿದರೆ ಕಥೆಯ ರಂಗು ಇಳಿಯುತ್ತದೆಂಬ ಭಯ.

'ಕಾಣೆ' ಎಂಬ ಪದದ ಗುಣವೇ ಹಾಗೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಕಾರಣಿಕ ಆಗುತ್ತದಲ್ಲ, ಗೊರವಪ್ಪ ಬಿಲ್ಲೇರಿ 'ಸದ್ದಲೇ' ಎಂದರೆ ಲಕ್ಷಗಟ್ಟಲೆ ಜನ ಗಪ್‌ಚಿಪ್. ಒಂದು ಮಾತು ನುಡಿದು ಆತ ಮೇಲಿಂದ ಬಿದ್ದರೆ ಆಯಿತು. ಆಮೇಲೆ ರೈತ ಅದಕ್ಕೆ ಮಳೆಯ ಅರ್ಥ ಹಚ್ಚುತ್ತಾನೆ, ರಾಜಕಾರಣಿ ಕುರ್ಚಿಯ ಅರ್ಥ ಹಚ್ಚುತ್ತಾನೆ, ವ್ಯಾಪಾರಿ ಧಾರಣೆಯ ಅರ್ಥ ಹಚ್ಚುತ್ತಾನೆ. 'ಕಾಣೆ' ಎಂಬುದೂ ಹೀಗೆಯೇ. ಅವರವರಿಗೆ ಬೇಕಾದ ಅರ್ಥ. ಕಚೇರಿಗೆ ಅದು ಕಡತ ಮುಚ್ಚುವ ಪದ. ನೆಂಟರಿಗೆ ಸಮಾಧಾನ ಹೇಳುವ ಪದ. ಓಣಿಯವರಿಗೆ ಪಿಸುಮಾತಿನ ಪದ. ಹೆಂಡತಿಗೆ ಮಾತ್ರ ಅದಕ್ಕೆ ಯಾವ ಅರ್ಥವೂ ಇಲ್ಲ. ಕಾಯಬೇಕೆ, ಬಿಡಬೇಕೆ?

ಅದೇ ಯುದ್ಧದ ಇನ್ನೊಂದು ಮನೆಯನ್ನು ನೋಡಿ. ಜನರಲ್ ಕಾರ್ಯಪ್ಪನವರ ಮಗ ನಂದಾ ಕಾರ್ಯಪ್ಪನವರೂ ಕೊಡಗಿನವರು, ಅವರೂ ವಾಯುಪಡೆಯವರು. ಯುದ್ಧದ ಕೊನೆಯ ಹೊತ್ತಿಗೆ, ಸೆಪ್ಟೆಂಬರ್ 22ರಂದು, ಅವರ ವಿಮಾನ ಬಿದ್ದು ಸೆರೆ ಸಿಕ್ಕರು. ಬದುಕಿದ್ದಾರೆಂಬ ಸುದ್ದಿ ಮನೆಗೆ ಬಂತು. ತಂದೆಯ ಕೈಕೆಳಗೆ ಹಿಂದೆ ಕೆಲಸ ಮಾಡಿದ್ದ ಅಯೂಬ್ ಖಾನ್ ಮಗನನ್ನು ಬಿಡುತ್ತೇನೆಂದಾಗ, ಬಿಡುವುದಾದರೆ ಎಲ್ಲ ಸೈನಿಕರನ್ನೂ ಬಿಡಿ, ಎಲ್ಲರೂ ನನ್ನ ಮಕ್ಕಳೇ ಎಂದು ಕಾರ್ಯಪ್ಪನವರು ಹೇಳಿದ ಪ್ರಸಂಗ ನಾಡಿಗೆಲ್ಲ ಗೊತ್ತು. ಮಗ ಮರಳಿ ಬಂದರು, ಮುಂದೆ ಏರ್ ಮಾರ್ಷಲ್ ಆದರು. ತಂದೆಯ ಆ ದೊಡ್ಡತನಕ್ಕೆ ಕೈ ಮುಗಿಯುತ್ತೇನೆ. ಆದರೆ ಆ ದೊಡ್ಡತನ ತೋರುವುದಕ್ಕೂ ಮಗ ಬದುಕಿದ್ದಾನೆ ಎಂಬುದು ಗೊತ್ತಿರಬೇಕು ನೋಡಿ. ಸುಂದರಿಯವರಿಗೆ ತ್ಯಾಗ ಮಾಡಲು ಕೂಡ ಕೈಯಲ್ಲಿ ಏನೂ ಇರಲಿಲ್ಲ.

ಇನ್ನು 1971ರ ಡಿಸೆಂಬರ್ 5. ಮತ್ತೆ ಯುದ್ಧ. ಅದೇ ಅಮ್ಜದ್ ಹುಸೇನ್ ಅಮೃತಸರದ ರಾಡಾರ್ ಮೇಲೆ ದಾಳಿಗೆ ಬಂದು, ನಮ್ಮ ಫಿರಂಗಿಗೆ ಸಿಕ್ಕಿ, ಪ್ಯಾರಾಶೂಟಿನಲ್ಲಿ ಇಳಿದು ಸೆರೆಯಾದರು. ಯುದ್ಧ ಮುಗಿದ ಮೇಲೆ ತಮ್ಮ ಮನೆಗೆ ಹೋದರು. ಅದೇ ದಿನ, ಅದೇ ಡಿಸೆಂಬರ್ 5ರಂದು, ನಮ್ಮ ಫ್ಲೈಟ್ ಲೆಫ್ಟಿನೆಂಟ್ ವಿಜಯ್ ತಾಂಬೆ ಅವರ ವಿಮಾನ ಪಾಕಿಸ್ತಾನದಲ್ಲಿ ಬಿತ್ತು. ಅವರ ಹೆಂಡತಿ ದಮಯಂತಿ ರಾಷ್ಟ್ರೀಯ ಬ್ಯಾಡ್ಮಿಂಟನ್ ಚಾಂಪಿಯನ್. ಮದುವೆಯಾಗಿ ಎರಡು ವರ್ಷವೂ ತುಂಬಿರಲಿಲ್ಲ. ಗಂಡ ಅಲ್ಲಿನ ಸೆರೆಯಲ್ಲಿದ್ದಾರೆಂಬ ನಂಬಿಕೆಯಲ್ಲಿ ಆಕೆ ದಶಕಗಟ್ಟಲೆ ಕಚೇರಿಯಿಂದ ಕಚೇರಿಗೆ ಅಲೆದರು. ಹೀಗೆ 'ಕಾಣೆಯಾದ' ಐವತ್ತನಾಲ್ಕು ಮಂದಿಯ ಪಟ್ಟಿಯೇ ಇದೆ. 2007ರಲ್ಲಿ ಅವರಲ್ಲಿ ಕೆಲವರ ಮನೆಯವರನ್ನು ಪಾಕಿಸ್ತಾನದ ಜೈಲುಗಳಿಗೆ ಕರೆದೊಯ್ದು ತೋರಿಸಿದರು. ಯಾರೂ ಸಿಗಲಿಲ್ಲ. ಈ ಹೆಂಗಸರ ಕಥೆಯನ್ನು ಯಾವ ಆಗಸ್ಟ್ 15ಕ್ಕೆ ಯಾವ ಮಗು ಹೇಳಿತು?

ಈಗ ನನ್ನ ಏಳನೆಯ ತರಗತಿಯ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಅವಳು ಆ ಪ್ರಶ್ನೆಯನ್ನು ಯಾಕೆ ಕೇಳಿದಳೆಂದು ನನಗೆ ತಿಳಿದದ್ದು ಹತ್ತು ದಿನ ಬಿಟ್ಟು. ವಿದ್ಯಾರ್ಥಿವೇತನದ ಅರ್ಜಿಗೆ ತಂದೆಯ ಸಹಿ ಬೇಕಿತ್ತು. ತಾಯಿ ಬಂದಳು. ನಮ್ಮ ಕಡೆ ಮಳೆ ಕೈಕೊಟ್ಟ ವರ್ಷ ಜನ ಗುಳೆ ಹೋಗುವುದು ನಿಮಗೆಲ್ಲ ಗೊತ್ತು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ, ಎಲ್ಲ ಕಡೆಯ ಬಸ್‌ಸ್ಟ್ಯಾಂಡಿನಲ್ಲೂ ಗಂಟುಮೂಟೆ ಕಟ್ಟಿಕೊಂಡ ಸಂಸಾರಗಳನ್ನು ಕಂಡಿದ್ದೇವೆ. ಇವಳ ಗಂಡ ಗಾರೆ ಕೆಲಸಕ್ಕೆಂದು ಬೆಂಗಳೂರಿಗೆ ಹೋಗಿ ನಾಲ್ಕು ವರ್ಷ. ಮೊದಲ ಆರು ತಿಂಗಳು ದುಡ್ಡು ಬಂತು, ಫೋನು ಬಂತು. ಆಮೇಲೆ ಫೋನು ಸ್ವಿಚ್ ಆಫ್. ಜೊತೆಗೆ ಹೋದವರನ್ನು ಕೇಳಿದರೆ "ಬ್ಯಾರೆ ಕಡೆ ಹೋದ" ಎನ್ನುತ್ತಾರೆ.

"ಕುಂಕುಮ ಇಟ್ರೆ ಯಾರ ಸಲುವಾಗಿ ಇಡ್ತಾಳ ಅಂತಾರ. ಇಡದಿದ್ರೆ ಗಂಡನ ಸಾವು ಬಯಸ್ತಾಳ ಅಂತಾರ. ನಾನು ಅತ್ಲಾಗಿಲ್ಲ, ಇತ್ಲಾಗಿಲ್ಲ ಟೀಚರಮ್ಮ" ಎಂದಳು. ವಿಧವಾ ವೇತನಕ್ಕೆ ಮರಣ ಪ್ರಮಾಣಪತ್ರ ಬೇಕು. ಸತ್ತನೋ ಇಲ್ಲವೋ ಯಾರಿಗೆ ಗೊತ್ತು? ಏಳು ವರ್ಷ ಸುದ್ದಿಯೇ ಇಲ್ಲದಿದ್ದರೆ ಸತ್ತನೆಂದು ಎಣಿಸಬಹುದು ಎಂದು ಕಾನೂನು ಹೇಳುತ್ತದೆ. ಅದನ್ನು ಸಾಧಿಸಲು ಕೋರ್ಟು, ವಕೀಲರು, ಖರ್ಚು. ಒಂದು ಕಚೇರಿಯಲ್ಲಿ ಆಕೆಗೆ, "ಗಂಡನ್ನ ಕರ್ಕೊಂಡ್ ಬಾ, ಇಲ್ಲಾಂದ್ರೆ ಸತ್ತಿದ್ದಕ್ಕೆ ಕಾಗದ ತಾ" ಎಂದರಂತೆ. ಎರಡೂ ಆಕೆಯ ಬಳಿ ಇಲ್ಲ.

ಎಲ್ಲಿಯ ಮಹಾವೀರ ಚಕ್ರದ ದೇವಯ್ಯ, ಎಲ್ಲಿಯ ಹೇಳದೆ ಹೋದ ಗಾರೆಯವನು, ಎಂಥ ಹೋಲಿಕೆ ಇದು ಎಂದು ನೀವು ಮುಖ ಸಿಂಡರಿಸಬಹುದು. ನಾನು ಗಂಡಸರನ್ನು ಹೋಲಿಸುತ್ತಿಲ್ಲ ತಾಯಿ. ಒಬ್ಬರು ಕರ್ತವ್ಯಕ್ಕೆ ಹೋದರು, ಇನ್ನೊಬ್ಬ ಹೊಟ್ಟೆಪಾಡಿಗೆ ಹೋದ. ನಾನು ಹೋಲಿಸುತ್ತಿರುವುದು ಎರಡು ಮನೆಯ ಹೊಸ್ತಿಲುಗಳನ್ನು. ಅಲ್ಲಿ ಕೂತವಳಿಗೆ ಸಮಾಜ ಕೊಡಬೇಕಾದದ್ದು ಪದಕವಲ್ಲ, ಶಾಲೂ ಅಲ್ಲ. ಏನಾಯಿತು ಎಂಬ ನಿಜ ಕೊಡಬೇಕು. ಅದು ಸಿಗದಿದ್ದರೆ, ಸಿಗುವವರೆಗೆ ಜೊತೆಗೆ ನಿಂತು ಹುಡುಕಬೇಕು. ದೇಶಕ್ಕಾಗಿ ಪ್ರಾಣ ಕೊಟ್ಟವರ ಮನೆಯ ಕಾಯುವಿಕೆಯನ್ನೇ ಲೆಕ್ಕಕ್ಕೆ ಹಿಡಿಯದ ನಾವು, ಗುಳೆ ಹೋದವನ ಮನೆಯದನ್ನು ಹಿಡಿಯುತ್ತೇವೆಯೆ? ಅಲ್ಲಿ ಕಲಿತ ಕುರುಡು ಇಲ್ಲಿಯೂ ಮುಂದುವರಿದಿದೆ.

ಹಿಂದಿನವರು ಹೀಗಿರಲಿಲ್ಲ ಎನ್ನುವುದಕ್ಕೆ ನಮ್ಮ ಸೀಮೆಯ ವೀರಗಲ್ಲುಗಳೇ ಸಾಕ್ಷಿ. ಊರ ಹೊರಗೆ, ಕೆರೆಯ ಏರಿಯ ಮೇಲೆ, ಗುಡಿಯ ಮಗ್ಗುಲಿಗೆ ಎಷ್ಟು ನಿಂತಿಲ್ಲ? ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವಲಿಂಗ. ಬರಹವಿರುವ ಕಲ್ಲಾದರೆ ಎಷ್ಟೋ ಕಡೆ ಇಂಥವನು ತುರುಗೋಳಿನಲ್ಲಿ ದನ ಬಿಡಿಸಲು ಹೋಗಿ ಸತ್ತ, ಇಂಥವರು ಕಲ್ಲು ನಿಲ್ಲಿಸಿದರು ಎಂದು ಹೆಸರು ಹಿಡಿದು ಹೇಳುತ್ತದೆ. ಅಕ್ಷರ ಬಲ್ಲವರು ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ ಹೇಗೆ ಸತ್ತ ಎಂಬುದನ್ನು ಕಲ್ಲಿನಲ್ಲಿ ಕೊರೆಸಿದರು. ಹಾಗೆಂದು ಹಿಂದಿನದೆಲ್ಲ ಚಿನ್ನ ಎಂದೂ ನಾನು ಹೇಳುವುದಿಲ್ಲ. ಅದರ ಪಕ್ಕದಲ್ಲೇ ಮಾಸ್ತಿಕಲ್ಲು ಇರುತ್ತದೆ. ಬಳೆ ತೊಟ್ಟ ಒಂದು ತೋಳು ಮೇಲೆತ್ತಿಕೊಂಡಿರುತ್ತದೆ. ಗಂಡ ಸತ್ತರೆ ಹೆಣ್ಣಿಗೆ ಇದ್ದ ಜಾಗ ಅದು, ಬೆಂಕಿಯಲ್ಲಿ. ಈಗ ಬೆಂಕಿ ಇಲ್ಲ, ಆದರೆ ವೇದಿಕೆ ಇದೆ. 'ವೀರಪತ್ನಿ' ಎಂದು ಕೂರಿಸಿ, ಶಾಲು ಹೊದಿಸಿ, ಫೋಟೋ ತೆಗೆಸಿ, ಅವಳು ಮಾತಾಡುವುದಕ್ಕೆ ಮುಂಚೆ ವಂದನಾರ್ಪಣೆ ಮಾಡಿ ಮುಗಿಸುತ್ತೇವೆ. ಕಲ್ಲಿನ ತೋಳಾದರೂ ಮೇಲಕ್ಕೆ ಎತ್ತಿರುತ್ತದೆ. ಇವಳ ಕೈಯಲ್ಲಿ ಹಣ್ಣಿನ ಬುಟ್ಟಿ ಇಟ್ಟು ಅದನ್ನೂ ಕೆಳಗಿಳಿಸುತ್ತೇವೆ.

"ಮಕ್ಕಳಿಗೆ ಇದನ್ನೆಲ್ಲ ಹೇಳಿದರೆ ದೇಶಪ್ರೇಮ ಕಡಿಮೆಯಾಗುತ್ತದೆ" ಎಂದು ಸಹೋದ್ಯೋಗಿಯೊಬ್ಬರು ವಾದಿಸಿದರು. ನನಗೆ ಇದು ಅರ್ಥವಾಗದ ಮಾತು. ಸಿಗರೇಟಿನ ಹೊಗೆಯ ಹಾಗೆ ನಿಜ ತಾಗಿದರೆ ಮಾಸುವ ಪ್ರೇಮ ಎಂಥ ಪ್ರೇಮ? ದೇವಯ್ಯನವರನ್ನು ಸರಿಯಾಗಿ ನೋಡಿ. ಪಟ್ಟಿಯಲ್ಲಿ ಹೆಸರಿರಲಿಲ್ಲ, ಆದರೂ ಹೋದರು. ಗಾಯಗೊಂಡ ವಿಮಾನ, ಅಷ್ಟು ದೂರದ ದಾರಿಗೆ ಎಣ್ಣೆಯೇ ಅಳತೆಯದು, ತಿರುಗಿ ಕಾದಾಡಿದರೆ ಮನೆ ಮುಟ್ಟುವುದು ಸಾಧ್ಯವಿಲ್ಲ, ಆದರೂ ತಿರುಗಿದರು. ನೋಡುವವರು ಯಾರೂ ಇರಲಿಲ್ಲ. ನಾಳೆ ಯಾರೂ ಹೊಗಳದ ಕಡೆ ಅವರು ಹಾಗೆ ನಡೆದುಕೊಂಡರು. 'ನಗುನಗುತ್ತಾ' ಎಂಬ ಅಲಂಕಾರಕ್ಕಿಂತ ಇದು ದೊಡ್ಡದಲ್ಲವೆ? ಯಾರೂ ನೋಡದಿದ್ದದ್ದೇ ಅವರ ಧೈರ್ಯದ ಅಳತೆ. ಆ ಇಪ್ಪತ್ತಮೂರು ವರ್ಷಗಳನ್ನು ತೆಗೆದರೆ ಆ ಅಳತೆಯನ್ನೂ ತೆಗೆದ ಹಾಗೆ.

ಇನ್ನೊಬ್ಬರು, "ಶತ್ರುವಿನ ಹೆಸರು ಯಾಕೆ ಹೇಳಬೇಕು?" ಎಂದರು. ಸಾಕ್ಷಿ ಅವನೇ ಆದ್ದರಿಂದ ಹೇಳಬೇಕು. ಈ ಕಡೆ ಯಾರೂ ಕಾಣದ್ದನ್ನು ಕಂಡವನು ಅವನೊಬ್ಬ. ತಾನು ಸೋತ ಕಥೆಯನ್ನು ಹೇಳದೆ ಇರಬಹುದಿತ್ತು. ಹೇಳಿದ. ಅವನ ಮಾತನ್ನು ಕಥೆಯಿಂದ ತೆಗೆದರೆ ದೇವಯ್ಯನವರ ಶೌರ್ಯಕ್ಕೆ ಆಧಾರ ಎಲ್ಲಿಂದ ತರುತ್ತೀರಿ? ಅವರನ್ನು ಮಣ್ಣು ಮಾಡಿದ ಆ ಹಳ್ಳಿಗರೂ ಅಷ್ಟೆ. ಬಾಂಬು ಹಾಕಲು ಬಂದವನ ದೇಹವನ್ನು ನಾಯಿನರಿಗೆ ಬಿಡದೆ ಹೂತರು. ಇದನ್ನು ಮಕ್ಕಳಿಗೆ ಹೇಳಲು ನನಗೆ ಸಂಕೋಚವಿಲ್ಲ. ಗಾಂಧೀಜಿಯ ಚಿತಾಭಸ್ಮ ಇಟ್ಟುಕೊಂಡ ಕೂಡ್ಲಿಗಿಯ ಹುತಾತ್ಮರ ಸ್ಮಾರಕಕ್ಕೆ ಮಕ್ಕಳನ್ನು ಕರೆದೊಯ್ದು ಕೈ ಮುಗಿಸುವ ನಾವು, ಇಷ್ಟು ಹೇಳಲು ಹೆದರಿದರೆ ಹೇಗೆ?

ಓದುತ್ತಿರುವ ಅಕ್ಕ ತಂಗಿಯರೇ, ನಿಮ್ಮಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ಮಗುವಿಗೆ ಭಾಷಣ ಬರೆದುಕೊಡುವಾಗ ವೀರನ ಮನೆಯಲ್ಲಿ ಆಮೇಲೆ ಏನಾಯಿತು ಎಂದು ಒಂದು ಸಾಲು ಸೇರಿಸಿ. ಮಹಿಳಾ ಮಂಡಳದಲ್ಲಿ ಸೈನಿಕನ ಹೆಂಡತಿಯನ್ನು ಕರೆದರೆ ಅವಳಿಗೆ ಮೊದಲು ಮೈಕು ಕೊಡಿ, ಶಾಲು ಆಮೇಲೆ. ನಿಮ್ಮ ಓಣಿಯಲ್ಲಿ ಗಂಡ ಕಾಣೆಯಾದವಳು ಇದ್ದರೆ ಅವಳ ಹಣೆ ನೋಡುವುದನ್ನು ಬಿಡಿ. ಪೊಲೀಸ್ ಠಾಣೆಯಲ್ಲಿ ದೂರು ಬರೆಸಿದ್ದಾಳೆಯೆ ಎಂದು ಕೇಳಿ. ಇಲ್ಲದಿದ್ದರೆ ಜೊತೆಗೆ ಹೋಗಿ. ಏಳು ವರ್ಷದ ಲೆಕ್ಕ ಸಾಧಿಸುವಾಗ ಕಾಣೆಯಾದ ತಾರೀಖಿಗೆ ಒಂದು ಕಾಗದ ಇರುವುದು ದೊಡ್ಡ ಆಸರೆ. ನಮ್ಮ ಹುಡುಗಿಯ ತಾಯಿ ನಾಲ್ಕು ವರ್ಷದಲ್ಲಿ ದೂರೇ ಕೊಟ್ಟಿರಲಿಲ್ಲ. ಕೊಡಬಹುದೆಂದು ಯಾರೂ ಆಕೆಗೆ ಹೇಳಿರಲಿಲ್ಲ. ಸೆಪ್ಟೆಂಬರ್ ಮೊದಲ ವಾರ ನಾನೂ ಆಕೆಯೂ ಹೋಗಿ ಬರೆಸಿದೆವು. ಆತ ಸಿಕ್ಕಿಲ್ಲ. ಆದರೆ ಆಕೆಯ ಕೈಯಲ್ಲಿ ಈಗ ತಾರೀಖು ಬಿದ್ದ, ಮೊಹರು ಬಿದ್ದ ಒಂದು ಹಾಳೆ ಇದೆ.

ಸೆಪ್ಟೆಂಬರ್ 7ಕ್ಕೆ ದೇವಯ್ಯನವರು ಹೋಗಿ ಅರವತ್ತು ವರ್ಷ ತುಂಬಿತು. ಅಂದು ಭಾನುವಾರ. ಮರುದಿನ ತರಗತಿಗೆ ಹೋಗಿ ಕಪ್ಪುಹಲಗೆಯ ಮೇಲೆ 1988ನ್ನು ಮೇಲೆ, 1965ನ್ನು ಕೆಳಗೆ ಬರೆದು, ಕಳೆಯಿರಿ ಎಂದೆ. ಮಕ್ಕಳು 23 ಎಂದು ಕೂಗಿದರು. ಆಮೇಲೆ ಕಥೆಯನ್ನು ಮೊದಲಿನಿಂದ ಹೇಳಿದೆ, ಈ ಸಲ ಏನನ್ನೂ ಬಿಡದೆ. ಅಮ್ಜದ್ ಹುಸೇನ್ ಬಂದರು, ಫ್ರಿಕರ್ ಬಂದರು, ಹೊಲದಲ್ಲಿ ಮಣ್ಣು ಮಾಡಿದವರು ಬಂದರು, ಸುಂದರಿಯವರು ಬಂದರು.

ಮುಗಿದ ಮೇಲೆ ಚಪ್ಪಾಳೆ ಬೀಳಲಿಲ್ಲ. ಆ ಹುಡುಗಿ ಮಾತ್ರ ಕೈಯೆತ್ತಿದಳು.

"ಟೀಚರ್, ಹಂಗಾದ್ರೆ ಅವ್ರಿಗೆ ಕೊನೆಗಾದ್ರೂ ಗೊತ್ತಾತು."

"ಹೌದವ್ವ," ಎಂದೆ, "ಗೊತ್ತಾಯಿತು."

ಅವಳು ತನ್ನ ಪುಸ್ತಕದಲ್ಲಿ ಆ ಲೆಕ್ಕವನ್ನು ಬರೆದುಕೊಂಡಳು.